ಮಳೆಗಾಲದಲ್ಲಿ ಬೆಳ್ಳಗಾಗುವ ವಾರ್ನಿಷ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದೀಪಾವಳಿಗೆ ನಮ್ಮ ಓಣಿಯ ಹುಡುಗರು ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಅದರ ಮೇಲೆ ನಿಲ್ಲಿಸಲು ಎರಡಂಗುಲ ಎತ್ತರದ ರೆಸಿನ್ ಮಾವಳೆ (ಶಿವಾಜಿಯ ಪಡೆಯ) ಸೈನಿಕರಿಗೆ ನಾನು ಅಕ್ರಿಲಿಕ್ ಬಣ್ಣ ಹಚ್ಚಿಕೊಡುತ್ತೇನೆ. ಈ ಆಗಸ್ಟ್‌ನಲ್ಲಿ ಮಳೆ ಹೊಳವಾದ ಹೊತ್ತು ನೋಡಿ ಬಾಲ್ಕನಿಯಲ್ಲಿ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿಯೇ ಕೆಂಪು ಪೇಟ, ಕಪ್ಪು ಢಾಲು ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟಿತು. ಡಬ್ಬಿಯೇ ಕೆಟ್ಟಿದೆಯೆ? ಬಣ್ಣವನ್ನು ಉಳಿಸಿಕೊಳ್ಳಲು ಸಾಧ್ಯವೆ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಡಬ್ಬಿ ಕೆಟ್ಟಿರುವ ಸಾಧ್ಯತೆ ಕಡಿಮೆ, ಬಣ್ಣ ಕೆಟ್ಟಿರುವ ಸಾಧ್ಯತೆ ಇನ್ನೂ ಕಡಿಮೆ. ಮಳೆ ನಿಂತಿತೆಂದರೆ ಗಾಳಿ ಒಣಗಿತೆಂದು ನಾವು ಭಾವಿಸುತ್ತೇವೆ; ಸಹ್ಯಾದ್ರಿಯ ಅಂಚಿನಲ್ಲಿರುವ ನಿಮ್ಮ ಊರಿನಲ್ಲಿ ಆಗಸ್ಟ್ ತಿಂಗಳ ಮಟ್ಟಿಗೆ ಅದು ನಿಜವಲ್ಲ. ಹನಿ ನಿಂತ ಮೇಲೂ ಗಾಳಿಯಲ್ಲಿ ತೇವ ತುಂಬಿಯೇ ಇರುತ್ತದೆ.

ಸ್ಪ್ರೇ ಡಬ್ಬಿಯೊಳಗೆ ವಾರ್ನಿಷ್‌ನ ರಾಳವಲ್ಲದೆ ಬೇಗ ಆರುವ ದ್ರಾವಕಗಳೂ ಒತ್ತಡದಲ್ಲಿ ದ್ರವವಾಗಿರುವ ಪ್ರೊಪೇನ್, ಬ್ಯೂಟೇನ್‌ನಂಥ ಅನಿಲಗಳೂ ಇರುತ್ತವೆ. ಗುಂಡಿ ಒತ್ತಿದೊಡನೆ ಅನಿಲವು ಹಿಗ್ಗಿ, ದ್ರಾವಕವು ಆವಿಯಾಗಿ, ಎರಡೂ ಸೇರಿ ಗೊಂಬೆಯ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುವುದರಿಂದ ಆ ಮೇಲ್ಮೈ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗುತ್ತದೆ. ಗಾಳಿ 24 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇ. 90 ಇದ್ದರೆ ಇಬ್ಬನಿ ಕಟ್ಟಲು ಮೇಲ್ಮೈ ಎರಡು ಡಿಗ್ರಿಯಷ್ಟು ತಣ್ಣಗಾದರೂ ಸಾಕು. ಅದೇ 24 ಡಿಗ್ರಿಯಲ್ಲಿ ಆರ್ದ್ರತೆ ಶೇ. 50 ಇದ್ದರೆ ಸುಮಾರು 11 ಡಿಗ್ರಿ ತಣ್ಣಗಾಗಬೇಕು. ಹೀಗೆ ಕಟ್ಟಿದ ಇಬ್ಬನಿ ಇನ್ನೂ ಹಸಿಯಾಗಿರುವ ವಾರ್ನಿಷ್ ಪದರದಲ್ಲಿ ಸಿಕ್ಕಿಕೊಂಡು, ಪದರ ಗಟ್ಟಿಯಾದ ಮೇಲೆ ಕಣ್ಣಿಗೆ ಕಾಣದ ಪೊಳ್ಳುಗಳನ್ನು ಉಳಿಸುತ್ತದೆ. ಪಾರದರ್ಶಕವಾದ ಗಾಜು ಪುಡಿಯಾದಾಗ ಬೆಳ್ಳಗೆ ಕಾಣುವಂತೆ, ಈ ಪೊಳ್ಳುಗಳೂ ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣುತ್ತವೆ. ಬಣ್ಣ ಅದರ ಕೆಳಗೆ ಇದ್ದಂತೆಯೇ ಇದೆ.

ಆದರೆ ಮ್ಯಾಟ್ ವಾರ್ನಿಷ್ ಬೆಳ್ಳಗಾಗಲು ಇನ್ನೊಂದು ಕಾರಣವೂ ಉಂಟು. ಎರಡರಲ್ಲಿ ಯಾವುದೆಂದು ಮೊದಲು ಗುರುತಿಸಿಕೊಳ್ಳಬೇಕು. ಹೊಳಪನ್ನು ತಗ್ಗಿಸಲು ಮ್ಯಾಟ್ ವಾರ್ನಿಷ್‌ನಲ್ಲಿ ಅತಿ ಸಣ್ಣ ಸಿಲಿಕಾ ಪುಡಿಯನ್ನು ಬೆರೆಸಿರುತ್ತಾರೆ. ಡಬ್ಬಿಯನ್ನು ಚೆನ್ನಾಗಿ ಅಲುಗಿಸದಿದ್ದರೆ, ಅಥವಾ ಒಂದೇ ಸಲಕ್ಕೆ ದಪ್ಪವಾಗಿ ಹೊಡೆದರೆ, ಆ ಪುಡಿ ಬಟ್ಟೆಯ ಮಡಿಕೆ, ಕಂಕುಳ, ಪೇಟದ ಸುತ್ತುಗಳಂಥ ತಗ್ಗುಗಳಲ್ಲಿ ಹೋಗಿ ನಿಲ್ಲುತ್ತದೆ. ಬಿಳುಪು ಉಬ್ಬು ತಗ್ಗು ಎನ್ನದೆ ಎಲ್ಲೆಡೆ ಸಮನಾಗಿದ್ದರೆ ಅದು ತೇವದ ಕೆಲಸ. ತಗ್ಗುಗಳಲ್ಲಿ ಮಾತ್ರ ಕೂತಿದ್ದರೆ ಪುಡಿಯದು. ನೀವು ಬರೆದಿರುವಂತೆ ಢಾಲಿನ ಮೇಲೂ ಪೊರೆ ಕಟ್ಟಿರುವುದರಿಂದ ನಿಮ್ಮದು ಬಹುತೇಕ ಮೊದಲನೆಯ ಬಗೆ.

ಪರಿಹಾರಕ್ಕೆ ಅವಸರ ಬೇಡ. ಗೊಂಬೆಗಳನ್ನು ಎರಡು ಮೂರು ದಿನ ಒಣ ಕೋಣೆಯಲ್ಲಿಡಿ. ತೆಳುವಾದ ಪೊರೆಯಾಗಿದ್ದರೆ ಅಷ್ಟರಲ್ಲಿಯೇ ಸ್ವಲ್ಪ ತಿಳಿಯಾಗುವುದುಂಟು. ಆಗದಿದ್ದರೆ ನೀರಿನಲ್ಲಿ ಕಲಸುವ, ಹೊಳಪಿನ ಅಕ್ರಿಲಿಕ್ ವಾರ್ನಿಷ್ ಅನ್ನು ಮೃದುವಾದ ಕುಂಚದಿಂದ ತೆಳುವಾಗಿ ಹಚ್ಚಿ. ಅದು ಪೊಳ್ಳುಗಳನ್ನು ತುಂಬುವುದರಿಂದ ಬೆಳಕು ಚದುರುವುದು ನಿಂತು ಕೆಂಪು ಕೆಂಪಾಗಿಯೂ ಕಪ್ಪು ಕಪ್ಪಾಗಿಯೂ ಮರಳಿ ಕಾಣಿಸುತ್ತದೆ. ಹಚ್ಚುವಾಗ ಈ ವಾರ್ನಿಷ್ ಹಾಲಿನ ಬಣ್ಣದಲ್ಲಿ ಕಂಡರೆ ಗಾಬರಿಯಾಗಬೇಡಿ, ಒಣಗಿದಾಗ ಅದು ತಿಳಿಯಾಗುತ್ತದೆ. ಹೊಳಪು ಬೇಡವೆಂದಾದರೆ, ಪೂರ್ತಿ ಒಣಗಿದ ಮೇಲೆ ಅದರ ಮೇಲೊಂದು ಮ್ಯಾಟ್ ಪದರವನ್ನು ಕುಂಚದಿಂದಲೇ ಕೊಡಿ. ಎಲ್ಲಕ್ಕಿಂತ ಮೊದಲು ಒಂದೇ ಒಂದು ಸೈನಿಕನ ಮೇಲೆ ಪರೀಕ್ಷಿಸಿ ನೋಡಿ. ಬಿಳುಪಿನ ಮೇಲೆ ಅಡುಗೆ ಎಣ್ಣೆ ಸವರಿದರೆ ಮಾಯವಾಗುತ್ತದೆಂಬ ಸಲಹೆಯನ್ನೂ ನೀವು ಕೇಳಿರಬಹುದು. ಎಣ್ಣೆಯೂ ಪೊಳ್ಳನ್ನು ತುಂಬುವುದರಿಂದ ಅದು ಕಣ್ಣಿಗೆ ಕೆಲಸ ಮಾಡುತ್ತದೆ ನಿಜ. ಆದರೆ ಮುಂದೆ ಯಾವ ಪದರವೂ ಅದರ ಮೇಲೆ ಹಿಡಿಯುವುದಿಲ್ಲ, ಕಿಲ್ಲಾದ ಮಣ್ಣಂತೂ ಚೆನ್ನಾಗಿ ಹಿಡಿಯುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

ಮುಂದಿನ ವರ್ಷಕ್ಕೆ ನನ್ನ ಸಲಹೆ ಇಷ್ಟೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸ ಮಾಡಿ, ಸ್ಪ್ರೇ ಡಬ್ಬಿಯನ್ನು ಮುಟ್ಟಬೇಡಿ. ದಸರೆಗೂ ದೀಪಾವಳಿಗೂ ನಡುವೆ ಮೂರು ವಾರಗಳ ಅಂತರವಿರುತ್ತದೆ. ಆಗ ಸಾಮಾನ್ಯವಾಗಿ ಗಾಳಿಯೂ ಒಣಗುತ್ತ ಬಂದಿರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಆರ್ದ್ರತಾಮಾಪಕವನ್ನು ತಂದಿಟ್ಟುಕೊಂಡು, ಅದು ಶೇ. 60ಕ್ಕಿಂತ ಕಡಿಮೆ ತೋರಿಸುವ ದಿನ ಮಧ್ಯಾಹ್ನದ ಹೊತ್ತಿಗೆ ಸ್ಪ್ರೇ ಮಾಡಿ. ಬೆಳಗಿನ ಜಾವ ಹಾಗೂ ಸಂಜೆ ಗಾಳಿ ತಣ್ಣಗಾಗುವುದರಿಂದ ಅದೇ ದಿನವೂ ಆರ್ದ್ರತೆ ಏರಿರುತ್ತದೆ.

ಮಳೆಗಾಲದಲ್ಲಿಯೇ ಮಾಡಲೇಬೇಕಾದ ಪ್ರಸಂಗ ಬಂದರೆ ಗೊಂಬೆಯನ್ನು ಬೆಚ್ಚಗಿಡುವುದೇ ಉಪಾಯ. 24 ಡಿಗ್ರಿ, ಶೇ. 90ರ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ಅದರಲ್ಲಿರುವ ನೀರಿನ ಆವಿ ಅಷ್ಟೇ ಇದ್ದರೂ ಆರ್ದ್ರತೆ ಶೇ. 63ರ ಆಸುಪಾಸಿಗೆ ಇಳಿಯುತ್ತದೆ, ಮತ್ತು ಗೊಂಬೆ ಎಂಟು ಡಿಗ್ರಿಯಷ್ಟು ತಣ್ಣಗಾಗುವವರೆಗೆ ಇಬ್ಬನಿ ಕಟ್ಟುವುದಿಲ್ಲ. ಹೇರ್ ಡ್ರೈಯರ್‌ನಿಂದ ದೂರದಿಂದಲೇ, ಕೈಗೆ ಬೆಚ್ಚಗೆ ತಾಗುವಷ್ಟು ಮಾತ್ರ ಕಾಯಿಸಿ. ಹೆಚ್ಚಾದರೆ ರೆಸಿನ್ ಕತ್ತಿ, ಭಾಲೆಗಳು ಬಾಗುತ್ತವೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಬಹುದು, ಆದರೆ ಎಂದಿಗೂ ಒಲೆಯ ಹತ್ತಿರ ಅಥವಾ ಬಿಸಿನೀರಿನಲ್ಲಿ ಇಡಕೂಡದು: 50 ಡಿಗ್ರಿ ಮೀರಿದ ಶಾಖಕ್ಕೆ ಒಡ್ಡಬಾರದೆಂದು ಇಂಥ ಡಬ್ಬಿಗಳ ಮೇಲೆ ಬರೆದಿರುತ್ತದೆ. ಡಬ್ಬಿಯೊಳಗಿನ ಕಲಕುವ ಗುಂಡಿನ ಸದ್ದು ಕೇಳಿಸತೊಡಗಿದ ಮೇಲೂ ಎರಡು ನಿಮಿಷ ಅಲುಗಿಸಿ, 20ರಿಂದ 30 ಸೆಂಟಿಮೀಟರ್ ದೂರದಿಂದ, ಗೊಂಬೆಯ ಆಚೆಯಿಂದ ಆರಂಭಿಸಿ ಈಚೆ ದಾಟಿಸಿ ನಿಲ್ಲಿಸುವಂತೆ ತೆಳುವಾಗಿ ಹೊಡೆಯಿರಿ. ಮುಗಿದೊಡನೆ ಫ್ಯಾನ್ ಹಾಕುವ ರೂಢಿ ಹಲವರಿಗಿದೆ. ಅದರಿಂದ ದ್ರಾವಕ ಇನ್ನೂ ಬೇಗ ಆರಿ ಮೇಲ್ಮೈ ಇನ್ನೂ ತಣ್ಣಗಾಗುವುದರಿಂದ ಬಿಳುಪು ಹೆಚ್ಚುತ್ತದೆ. ಈ ಅನಿಲಗಳು ಅಡುಗೆ ಗ್ಯಾಸಿನ ಜಾತಿಯವೇ ಆದ್ದರಿಂದ ಹತ್ತಿರದಲ್ಲಿ ದೇವರ ದೀಪವಾಗಲಿ ಊದುಬತ್ತಿಯಾಗಲಿ ಇರಬಾರದು, ಕಿಟಕಿಗಳನ್ನು ತೆರೆದಿಡಿ. ಬಟ್ಟೆಯ ಮುಖಗವಸು ದ್ರಾವಕದ ಆವಿಯನ್ನು ತಡೆಯುವುದಿಲ್ಲ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ನಮ್ಮಲ್ಲಿ ತೇವದ ಮಾತೇ ಇಲ್ಲ. ಆದರೂ ಮೇ ತಿಂಗಳಲ್ಲಿ ಮಹಡಿಯ ಮೇಲೆ ಸ್ಪ್ರೇ ಮಾಡಿದ ಗೊಂಬೆಗಳು ಮುಟ್ಟಿದರೆ ಮರಳುಕಾಗದದಂತೆ ಒರಟಾಗಿವೆ. ಏಕೆ?
– ಓದುಗರು, ವಿಜಯಪುರ

ಉತ್ತರ: ನಿಮ್ಮದು ಬೆಳಗಾವಿಯವರ ತೊಂದರೆಗೆ ತೀರ ವಿರುದ್ಧವಾದುದು. 40 ಡಿಗ್ರಿಯ ಒಣ ಬಿಸಿಲಿನಲ್ಲಿ ವಾರ್ನಿಷ್‌ನ ಹನಿಗಳು ಗೊಂಬೆಯನ್ನು ಮುಟ್ಟುವ ಮೊದಲೇ ಅರ್ಧ ಒಣಗಿ, ಹರಡಿಕೊಳ್ಳಲಾರದ ಕಾಳುಗಳಾಗಿ ಅಂಟಿಕೊಳ್ಳುತ್ತವೆ. ಬೇಸಿಗೆಯಲ್ಲಿ ಮುಂಜಾನೆ, ನೆರಳಿನಲ್ಲಿ, ಗಾಳಿಗೆ ಮರೆಯಾಗಿ, ದೂರವನ್ನು 15ರಿಂದ 20 ಸೆಂಟಿಮೀಟರಿಗೆ ಇಳಿಸಿ ಸ್ಪ್ರೇ ಮಾಡಿ. ಕಾಳುಗಳು ಸಣ್ಣವಿದ್ದರೆ ಕುಂಚದಿಂದ ಹಚ್ಚಿದ ಹೊಳಪಿನ ಪದರ ಅವುಗಳನ್ನು ಮುಚ್ಚುತ್ತದೆ, ದಪ್ಪವಿದ್ದರೆ ಮುಚ್ಚುವುದಿಲ್ಲ. ಡಬ್ಬಿಯನ್ನು ಮಹಡಿಯ ಬಿಸಿಲಿನಲ್ಲಿ ಬಿಟ್ಟು ಕೆಳಗಿಳಿದು ಬರಬೇಡಿ.

ಪ್ರಶ್ನೆ: ಜಾತ್ರೆಯಲ್ಲಿ ಕೊಂಡ ಮೆತ್ತನೆಯ ಪ್ಲಾಸ್ಟಿಕ್ ಎತ್ತು, ಕುದುರೆಗಳಿಗೆ ಬಣ್ಣ ಹಚ್ಚಿ ವಾರ್ನಿಷ್ ಸ್ಪ್ರೇ ಮಾಡಿದ್ದೆ. ತಿಂಗಳು ಕಳೆದರೂ ಕೈಗೆ ಅಂಟುತ್ತಿವೆ. ಇದೂ ತೇವದಿಂದಲೆ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಅಲ್ಲ. ತೇವದಿಂದ ಒಣಗುವುದು ತಡವಾಗಬಹುದು, ತಿಂಗಳುಗಟ್ಟಲೆ ಅಂಟು ಉಳಿಯುವುದಿಲ್ಲ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಅನ್ನು ಬಾಗುವಂತೆ ಮಾಡಲು ಅದರಲ್ಲಿ ಎಣ್ಣೆಯಂಥ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಅವು ನಿಧಾನವಾಗಿ ಮೇಲಕ್ಕೆ ಜಿನುಗಿ ವಾರ್ನಿಷ್ ಅನ್ನು ಮೆತ್ತಗೆ ಮಾಡುತ್ತವೆ, ಸ್ಪ್ರೇಯ ದ್ರಾವಕ ಆ ಜಿನುಗನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬಿಸಿಲಿಗಿಟ್ಟು ಪ್ರಯೋಜನವಿಲ್ಲ. ಅಂಟನ್ನು ಮುಚ್ಚಲು ನೀರಿನ ಅಕ್ರಿಲಿಕ್ ವಾರ್ನಿಷ್ ಅನ್ನು ಕುಂಚದಿಂದ ಎರಡು ತೆಳುವಾದ ಪದರ ಹಚ್ಚಿ ನೋಡಬಹುದು; ಅದೂ ಅಂಟತೊಡಗಿದರೆ ಎಲ್ಲವನ್ನೂ ತೆಗೆದು ಹೊಸದಾಗಿ ಬಣ್ಣ ಹಚ್ಚಬೇಕಾಗುತ್ತದೆ. ಆಗ ಮೊದಲು ಸಾಬೂನು ನೀರಿನಲ್ಲಿ ತೊಳೆದು, ಅಸ್ತರಿನಿಂದ ವಾರ್ನಿಷ್‌ವರೆಗೆ ನೀರಿನ ಬಣ್ಣಗಳನ್ನೇ ಬಳಸಿ, ಸ್ಪ್ರೇ ಡಬ್ಬಿಯನ್ನು ಗಟ್ಟಿ ಪ್ಲಾಸ್ಟಿಕ್ಕಿನ ಗೊಂಬೆಗಳಿಗೆ ಮಾತ್ರ ಮೀಸಲಿಡಿ.