ಲೊಕೇಶನ್ ಆಫ್ ಇಟ್ಟರೂ ನಾನೆಲ್ಲಿದ್ದೇನೆ ಅಂತ ಅವನಿಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನಾನು ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಊರು ಅಫಜಲಪುರ ಕಡೆ, ಇಲ್ಲಿ ಗೆಳತಿಯ ಜೊತೆ ರೂಮು ಮಾಡಿಕೊಂಡಿದ್ದೇನೆ. ಸಂಬಂಧದ ಹುಡುಗನೊಬ್ಬನ ಜೊತೆ ಮನೆಯಲ್ಲಿ ಮದುವೆ ಮಾತು ಎತ್ತಿದ್ದರು, ನಾನು ಒಲ್ಲೆ ಅಂದೆ. ಆಗಿನಿಂದ ಅವನು ‘ನಿನ್ನಿ ಸಂಜಿಮುಂದ ಸೂಪರ್ ಮಾರ್ಕೆಟ್‌ನಾಗ ಇದ್ದಿ ಅಲ್ಲ, ಯಾರ ಜೋಡಿ ಹೋಗಿದ್ದಿ?’ ಎಂದು ಮೆಸೇಜ್ ಹಾಕುತ್ತಾನೆ. ಮೇಲಿಂದ ಮೇಲೆ ಹೀಗೇ. ಹೇಳಿದ ಜಾಗ ಸರಿಯಾಗಿಯೇ ಇರುತ್ತದೆ. ಊಟ ಆರ್ಡರ್ ಮಾಡುವಾಗ, ದಾರಿ ಹುಡುಕುವಾಗ ಬಿಟ್ಟರೆ ನಾನು ಲೊಕೇಶನ್ ಆಫ್ ಇಟ್ಟಿರುತ್ತೇನೆ. ಫೋನು ತಂದಾಗ ಸೆಟ್ ಮಾಡಿಕೊಟ್ಟವನು ಅವನೇ. ಅವ್ವನಿಗೆ ಹೇಳಿದರೆ ‘ನೋಡಿದ್ರ ಏನಾತು, ನೀ ಮುಚ್ಚಿಡೋದು ಏನದ?’ ಅನ್ನುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಫೋನು ಸೆಟ್ ಮಾಡಿಕೊಟ್ಟವನು ಅವನೇ ಎಂದಿದ್ದೀರಲ್ಲ, ಹುಡುಕುವುದನ್ನು ಅಲ್ಲಿಂದಲೇ ಶುರು ಮಾಡಬೇಕು. ಹೊಸ ಆಂಡ್ರಾಯ್ಡ್ ಫೋನಿಗೆ ಮೊದಲು ಬೇಕಾಗುವುದೇ ಜಿಮೇಲ್ ಖಾತೆ. ನಮ್ಮ ಕಡೆ ಅದನ್ನು ಬಹಳ ಸಲ ಅಂಗಡಿಯ ಹುಡುಗನೋ, ಅಣ್ಣನೋ, ಮಾವನ ಮಗನೋ ಮಾಡಿಕೊಡುತ್ತಾರೆ. ಪಾಸ್‌ವರ್ಡ್ ಅವರ ತಲೆಯಲ್ಲಿ ಉಳಿಯುತ್ತದೆ, ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ರಿಕವರಿ ನಂಬರ್ ಅವರದೇ ಆಗಿರುತ್ತದೆ. ಕಾಲೇಜುಗಳಿಗೆ ಮಾತಾಡಲು ಹೋದಾಗೆಲ್ಲ ‘ನಿಮ್ಮ ಜಿಮೇಲ್ ಪಾಸ್‌ವರ್ಡ್ ನಿಮಗೆ ಗೊತ್ತಾ?’ ಎಂದು ಕೇಳುತ್ತೇನೆ. ಹೆಣ್ಣುಮಕ್ಕಳ ಸಾಲಿನಿಂದ ಬರುವ ಉತ್ತರ ಕೇಳಿ ಪ್ರತಿ ಸಲವೂ ಸಂಕಟವಾಗುತ್ತದೆ.

ಆ ಖಾತೆ ಅವನ ಫೋನಿನಲ್ಲೂ ಲಾಗಿನ್ ಆಗಿದ್ದರೆ ಅವನಿಗೆ ಏನೇನು ಕಾಣುತ್ತದೆ ನೋಡಿ. ನೀವು ಊಟಕ್ಕೆಂದು ಲೊಕೇಶನ್ ಆನ್ ಮಾಡಿದ ಹೊತ್ತಿಗೆ ಗೂಗಲ್‌ನ ಫೈಂಡ್ ಹಬ್ ತೆರೆದರೆ ಸಾಕು, ನಿಮ್ಮ ಫೋನು ಯಾವ ಓಣಿಯಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುತ್ತದೆ. ಕಳೆದ ಫೋನು ಹುಡುಕಲು ಮಾಡಿದ ಸೌಲಭ್ಯ ಅದು. ಲೊಕೇಶನ್ ಆಫ್ ಇದ್ದಾಗಲೂ ಬೇರೆ ದಾರಿಗಳಿವೆ. ನೀವು ತೆಗೆದ ಫೋಟೊಗಳು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗುತ್ತಿದ್ದರೆ ಅವನ ಫೋನಿನಲ್ಲೂ ಬಂದು ಕೂರುತ್ತವೆ. ಸೀರೆ ಅಂಗಡಿಯಲ್ಲಿ ಗೆಳತಿಗೆ ಬಣ್ಣ ತೋರಿಸಲು ತೆಗೆದ ಚಿತ್ರದ ಹಿಂದೆ ಅಂಗಡಿಯ ಬೋರ್ಡು ಕಂಡರೆ ಮುಗಿಯಿತು, ಅದಕ್ಕೆ ಉಪಗ್ರಹವೇ ಬೇಕಿಲ್ಲ. ಆರ್ಡರ್ ಮಾಡಿದ ಊಟದ ಬಿಲ್ಲು, ಬಸ್ ಟಿಕೆಟ್ಟು ಬರುವುದೂ ಅದೇ ಜಿಮೇಲ್‌ಗೆ. ‘ಲೊಕೇಶನ್ ಆಫ್ ಮಾಡು’ ಎಂದಷ್ಟೇ ಹೇಳಿ ಕಳಿಸುವ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಏನನ್ನಾದರೂ ಬದಲಿಸುವ ಮೊದಲು ಒಂದು ಮಾತು. ನೀವು ಬಾಗಿಲು ಹಾಕಿದ್ದು ಅವನಿಗೆ ತಕ್ಷಣ ಗೊತ್ತಾಗುತ್ತದೆ. ಅವನು ರೂಮಿನ ಹತ್ತಿರ ಬಂದು ಗಲಾಟೆ ಮಾಡಬಹುದು ಎಂಬ ಅಂಜಿಕೆ ಇದ್ದರೆ ಮೊದಲು ಗೆಳತಿಗೆ, ಶಾಲೆಯಲ್ಲಿ ನೀವು ನಂಬುವ ಹಿರಿಯರಿಗೆ ತಿಳಿಸಿ. ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ. ಅವನ ಮೆಸೇಜುಗಳನ್ನು ಅಳಿಸಬೇಡಿ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಗೆಳತಿಯ ಫೋನಿಗೆ ಕಳಿಸಿಡಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂದಿರುವಲ್ಲಿ ಹೋಗಿ ನಿಮ್ಮ ಖಾತೆ ತೆರೆಯಿರಿ. ಸೆಕ್ಯುರಿಟಿ ವಿಭಾಗದಲ್ಲಿ ‘ಯುವರ್ ಡಿವೈಸಸ್’ ಎಂಬ ಪಟ್ಟಿ ಇರುತ್ತದೆ. ನಿಮ್ಮದಲ್ಲದ ಫೋನಿನ ಹೆಸರು ಅಲ್ಲಿ ಕಂಡರೆ ಅದರದ್ದೂ ಸ್ಕ್ರೀನ್‌ಶಾಟ್ ಇರಲಿ, ನಂತರ ಸೈನ್ ಔಟ್ ಮಾಡಿ. ಕೂಡಲೇ ಪಾಸ್‌ವರ್ಡ್ ಬದಲಿಸಿ, ರಿಕವರಿ ನಂಬರ್ ಮತ್ತು ರಿಕವರಿ ಇಮೇಲ್ ನಿಮ್ಮದೇ ಮಾಡಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತ್ರಿಯನ್ನೂ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ಇಲ್ಲಿ ಒಂದು ಸೂಕ್ಷ್ಮವಿದೆ. ರಿಕವರಿ ನಂಬರ್ ಬದಲಿಸಿದರೂ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ 7 ದಿನದವರೆಗೆ ಇಟ್ಟುಕೊಳ್ಳಬಹುದು. ಆ ವಾರವಿಡೀ ಡಿವೈಸ್ ಪಟ್ಟಿಯನ್ನು ದಿನಾ ನೋಡಿ. ನನ್ನನ್ನು ಕೇಳಿದರೆ, ನೀವೇ ಕೂತು ಹೊಸ ಜಿಮೇಲ್ ಖಾತೆ ಮಾಡಿಕೊಂಡು ಹಳೆಯದನ್ನು ಫೋನಿನಿಂದ ತೆಗೆಯುವುದೇ ಹೆಚ್ಚು ನಿಶ್ಚಿಂತೆ. ತೆಗೆಯುವ ಮುಂಚೆ ಬ್ಯಾಂಕು, ಇತರ ಆ್ಯಪ್‌ಗಳಲ್ಲಿ ಕೊಟ್ಟಿರುವ ಇಮೇಲ್ ಬದಲಿಸಿಕೊಳ್ಳಿ.

ಗೂಗಲ್ ಮ್ಯಾಪ್ಸ್ ತೆರೆದು ಮೇಲಿರುವ ನಿಮ್ಮ ಚಿತ್ರ ಒತ್ತಿ, ‘ಲೊಕೇಶನ್ ಶೇರಿಂಗ್’ ನೋಡಿ. ಅಲ್ಲಿ ಒಬ್ಬರಿಗೆ ಒಂದು ಗಂಟೆ ತೋರಿಸಬಹುದು, ‘ನಾನೇ ನಿಲ್ಲಿಸುವ ತನಕ’ ಎಂದೂ ತೋರಿಸಬಹುದು. ಎರಡನೆಯದನ್ನು ನಿಮ್ಮ ಕೈಯಿಂದ ಫೋನು ಇಸ್ಕೊಂಡು ಅರೆ ನಿಮಿಷದಲ್ಲಿ ಆನ್ ಮಾಡಿಕೊಳ್ಳುತ್ತಾರೆ. ಗೂಗಲ್ ಆಗಾಗ ಇಮೇಲಿನಲ್ಲಿ ನೆನಪಿಸುತ್ತದೆ ನಿಜ, ಆದರೆ ಆ ಇಮೇಲನ್ನು ಮೊದಲು ತೆರೆದು ಅಳಿಸುವವನು ಅವನೇ ಆದರೆ? ವಾಟ್ಸ್‌ಆ್ಯಪ್‌ನಲ್ಲಿ ಪ್ರೈವಸಿ ಒಳಗಿನ ‘ಲೈವ್ ಲೊಕೇಶನ್’ ನೋಡಿ. ಅದು 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ತಾನಾಗಿ ನಿಲ್ಲುತ್ತದೆ, ಹಾಗಾಗಿ ಅಷ್ಟು ಕಾಟವಿಲ್ಲ. ‘ಲಿಂಕ್ಡ್ ಡಿವೈಸಸ್’ನಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ಮಾತ್ರ ಅವನು ನಿಮ್ಮ ಚಾಟ್ ಓದುತ್ತಿದ್ದಾನೆಂದು ತಿಳಿಯಿರಿ, ಲಾಗ್ ಔಟ್ ಮಾಡಿ.

ಸ್ಕ್ರೀನ್ ಲಾಕ್ ಪಿನ್ ಬದಲಿಸಿ. ಫಿಂಗರ್‌ಪ್ರಿಂಟ್ ಪಟ್ಟಿ ತೆರೆದು ಎಷ್ಟು ಬೆರಳು ಇವೆ ಎಣಿಸಿ. ಸೆಟ್ ಮಾಡುವಾಗ ‘ಚೆಕ್ ಮಾಡ್ತೀನಿ’ ಅಂತ ತನ್ನ ಬೆರಳನ್ನೂ ಒತ್ತಿ ಇಟ್ಟಿರಬಹುದು. ಅನುಮಾನವಿದ್ದರೆ ಎಲ್ಲವನ್ನೂ ಅಳಿಸಿ ನಿಮ್ಮದನ್ನು ಮಾತ್ರ ಹೊಸದಾಗಿ ಕೊಡಿ. ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಮತ್ತು ‘ಆಕ್ಸೆಸಿಬಿಲಿಟಿ’ಯಲ್ಲಿ ಹೆಸರು ಗೊತ್ತಿಲ್ಲದ ಆ್ಯಪ್ ಆನ್ ಆಗಿ ಕೂತಿದ್ದರೆ ಅದು ಬೇಹುಗಾರಿಕೆಯ ಆ್ಯಪ್ ಆಗಿರಬಹುದು. ಹಾಗೇನಾದರೂ ಕಂಡರೆ ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಗೆಳತಿಯ ಫೋನಿನಿಂದ ಮಾಡಿ. ಬ್ಯಾಗು, ಸ್ಕೂಟಿಯ ಡಿಕ್ಕಿಯನ್ನೂ ಒಮ್ಮೆ ಕೊಡವಿ ನೋಡಿ. ಬಿಲ್ಲೆಯಷ್ಟು ಚಿಕ್ಕ ಬ್ಲೂಟೂತ್ ಟ್ರ್ಯಾಕರ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಆಂಡ್ರಾಯ್ಡ್‌ನಲ್ಲಿ ‘ಸೇಫ್ಟಿ ಅಂಡ್ ಎಮರ್ಜೆನ್ಸಿ’ಯ ಒಳಗೆ ಅವನ್ನು ಹುಡುಕುವ ‘ಅನ್‌ನೋನ್ ಟ್ರ್ಯಾಕರ್ ಅಲರ್ಟ್ಸ್’ ಇದೆ. ಐಫೋನ್ ಇರುವ ಓದುಗರಿಗೆ ಇದರಲ್ಲಿ ಬಹುಪಾಲು ಕೆಲಸವನ್ನು ‘ಸೇಫ್ಟಿ ಚೆಕ್’ ಒಂದೇ ಕಡೆ ಮಾಡಿಕೊಡುತ್ತದೆ.

ಇನ್ನು ಅವ್ವನ ಮಾತು. ಮಗಳು ಎಲ್ಲಿದ್ದಾಳೋ ಎಂಬ ಅವರ ಕಾಳಜಿ ಸುಳ್ಳಲ್ಲ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟಾಗ ಅವರಿಗೆ ಲೈವ್ ಲೊಕೇಶನ್ ಹಾಕಿ, ಅದು ಒಳ್ಳೆಯದೇ. ಅದನ್ನು ನೀವಾಗಿ ಕೊಡುತ್ತೀರಿ, ಮನೆ ಮುಟ್ಟಿದ ಮೇಲೆ ನಿಲ್ಲಿಸುತ್ತೀರಿ. ಒಲ್ಲೆ ಅಂದವಳ ಹಿಂದೆ ಕದ್ದು ಕಣ್ಣಿಡುವುದು ಬೇರೆ, ಅದು ಅಪರಾಧ. ಹೆಣ್ಣುಮಗಳು ಬೇಡವೆಂದು ಸ್ಪಷ್ಟವಾಗಿ ಹೇಳಿದ ಮೇಲೂ ಬೆನ್ನು ಹತ್ತಿ ಸಂಪರ್ಕಿಸುವುದು, ಅವಳ ಇಂಟರ್ನೆಟ್, ಇಮೇಲ್ ಬಳಕೆಯನ್ನು ಗಮನಿಸುತ್ತಾ ಕೂರುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಬರುತ್ತದೆ. ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆ ಇದೆ. ಮುಚ್ಚಿಡುವುದು ಏನಿದೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಕೂಡ ಉತ್ತರ ಕೊಟ್ಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2024ರ ಜುಲೈನಲ್ಲಿ ಅದೇ ನ್ಯಾಯಾಲಯ, ಜಾಮೀನು ಪಡೆದ ಆರೋಪಿಯೂ ಗೂಗಲ್ ಮ್ಯಾಪ್ಸ್‌ನಲ್ಲಿ ತಾನಿರುವ ಜಾಗವನ್ನು ತನಿಖಾಧಿಕಾರಿಗೆ ತೋರಿಸುತ್ತಿರಬೇಕು ಎಂಬ ಷರತ್ತು ಹಾಕುವಂತಿಲ್ಲ ಎಂದಿದೆ. ಆರೋಪಿಗೇ ಹೇರಬಾರದ್ದನ್ನು ಯಾವ ತಪ್ಪೂ ಮಾಡದ ಶಿಕ್ಷಕಿಯ ಮೇಲೆ ಸಂಬಂಧಿಯೊಬ್ಬ ಹೇರುತ್ತಿದ್ದಾನೆ. ಅವ್ವನಿಗೆ ಇದನ್ನೇ ಓದಿ ಹೇಳಿ, ತಂಗಿ. ದೂರು ಕೊಡಬೇಕೆನಿಸಿದರೆ ಆ ಸ್ಕ್ರೀನ್‌ಶಾಟ್‌ಗಳನ್ನು ತೆಗೆದುಕೊಂಡು ಹತ್ತಿರದ ಠಾಣೆಗೆ ಹೋಗಿ.

ಪ್ರಶ್ನೆ: ಚಿತ್ತಾಪುರ ತಾಲ್ಲೂಕಿನಾಗ ನಂದು ತೊಗರಿ ಹೊಲ ಅದ. ಬೆಳೆ ಸಮೀಕ್ಷೆ ಆ್ಯಪ್‌ನಾಗ ಫೋಟೊ ಹಾಕ್ಬೇಕಂದ್ರ ಲೊಕೇಶನ್ ಆನ್ ಮಾಡು ಅಂತದ. ದಿಶಾಂಕ್ ಆ್ಯಪೂ ಹಂಗೇ. ಆನ್ ಇಟ್ರ ಕಂಪನಿಯವರಿಗೆಲ್ಲಾ ನನ್ನ ತಿರುಗಾಟ ಗೊತ್ತಾಗ್ತದ ಅಂತ ಮಗ ಬಂದ್ ಮಾಡ್ತಾನ. ಯಾರ ಮಾತು ಖರೇ?
– ಒಬ್ಬ ರೈತ

ಉತ್ತರ: ಮಗನ ಕಾಳಜಿ ಸರಿ, ಮಾಡಿದ ರೀತಿ ಸರಿಯಲ್ಲ. ಸಮೀಕ್ಷೆಯ ಆ್ಯಪ್‌ಗೆ ನೀವು ನಿಂತ ಜಾಗ ಬೇಕೇ ಬೇಕು. ಫೋಟೊ ನಿಮ್ಮ ಸರ್ವೆ ನಂಬರಿನ ಬದುವಿನ ಒಳಗೇ ತೆಗೆದದ್ದು ಎನ್ನುವುದಕ್ಕೆ ಅದೇ ಆಧಾರ. ಪಹಣಿಯ ಬೆಳೆ ಕಾಲಂ, ವಿಮೆ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಆ ದಾಖಲೆ ನೋಡುತ್ತಾರೆ. ದಿಶಾಂಕ್ ಕೂಡ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಹೇಳಬೇಕಾದರೆ ಜಾಗ ತಿಳಿಯಬೇಕು.

ಉಪಗ್ರಹಕ್ಕೆ ನಿಮ್ಮ ಹೊಲ ಕಾಣುತ್ತದೆ ಎಂದು ಅಂಜಬೇಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಿಂದ ಸಮಯದ ಸಂಕೇತ ಕಳಿಸುತ್ತಿರುತ್ತವೆ, ಆಕಾಶವಾಣಿ ಕೇಳುವ ರೇಡಿಯೊದ ಹಾಗೆ ಫೋನು ಅದನ್ನು ಬರೀ ಕೇಳಿಸಿಕೊಳ್ಳುತ್ತದೆ. ಲೆಕ್ಕ ಹಾಕಿ ಜಾಗ ಕಂಡುಕೊಳ್ಳುವುದು ಫೋನೇ. ಆ ಜಾಗವನ್ನು ಇಂಟರ್ನೆಟ್ ಮೇಲೆ ಯಾವ ಆ್ಯಪ್ ಯಾರಿಗೆ ಕಳಿಸುತ್ತದೆ ಎನ್ನುವುದರಲ್ಲಿದೆ ತೊಂದರೆ. ಹವಾಮಾನ, ಟಾರ್ಚ್, ಆಟದ ಆ್ಯಪ್‌ಗಳಿಂದ ಜನರ ತಿರುಗಾಟದ ಮಾಹಿತಿ ಸಂಗ್ರಹಿಸಿ ಮಾರುವ ವ್ಯಾಪಾರ ಜಗತ್ತಿನಲ್ಲಿ ದೊಡ್ಡದಾಗಿ ಬೆಳೆದಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಾರಣಕ್ಕೆ 2022ರಲ್ಲಿ ಕೊಚಾವಾ ಎಂಬ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು.

ಮಗನನ್ನು ಹತ್ತಿರ ಕೂರಿಸಿಕೊಂಡು ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್, ಅದರೊಳಗೆ ‘ಆ್ಯಪ್ ಲೊಕೇಶನ್ ಪರ್ಮಿಷನ್ಸ್’ ತೆರೆಯಿರಿ. ಸಮೀಕ್ಷೆ ಮತ್ತು ದಿಶಾಂಕ್ ಆ್ಯಪ್‌ಗೆ ‘ಬಳಸುವಾಗ ಮಾತ್ರ’ ಎಂದು ಕೊಡಿ. ‘ಪ್ರಿಸೈಸ್ ಲೊಕೇಶನ್’ ಆನ್ ಇರಲಿ, ಇಲ್ಲದಿದ್ದರೆ ನಿಮ್ಮನ್ನು ಪಕ್ಕದವರ ಹೊಲದಲ್ಲಿ ನಿಲ್ಲಿಸೀತು. ಹವಾಮಾನದ ಆ್ಯಪ್‌ಗೆ ಆ ಪ್ರಿಸೈಸ್ ಆಫ್ ಮಾಡಿ. ಆಗ ಅದಕ್ಕೆ ಸುಮಾರು 3 ಚದರ ಕಿಲೋಮೀಟರ್‌ನ ಅಂದಾಜು ಮಾತ್ರ ಸಿಗುತ್ತದೆ, ಮಳೆ ಬರುತ್ತದೋ ಇಲ್ಲವೋ ತಿಳಿಯಲು ಅಷ್ಟು ಸಾಕು. ಆಟ, ಟಾರ್ಚ್, ವಾಲ್‌ಪೇಪರ್‌ಗೆ ‘ಬೇಡ’ ಅನ್ನಿ. ‘ಆಲ್ ದ ಟೈಮ್’ ಎಂಬ ಸಾಲಿನಲ್ಲಿ ಏನಾದರೂ ಇದ್ದರೆ ಅದಕ್ಕೆ ಯಾಕೆ ಬೇಕು ಎಂದು ಒಂದೊಂದನ್ನೂ ಕೇಳಿಕೊಳ್ಳಿ. ಆಮೇಲೆ ಪ್ರೈವಸಿಯೊಳಗಿನ ‘ಆ್ಯಡ್ಸ್’ನಲ್ಲಿ ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’ ಒತ್ತಿ. ಬೇರೆ ಬೇರೆ ಆ್ಯಪ್‌ಗಳ ಮಾಹಿತಿಯನ್ನು ಒಬ್ಬರದೇ ಎಂದು ಜೋಡಿಸಲು ಜಾಹೀರಾತಿನವರು ಬಳಸುವ ಗುರುತು ಅದು.

ಬೀಜ, ಗೊಬ್ಬರದ ಹೊತ್ತಿಗೆ ಫೋನಿನಲ್ಲೇ ಸಾಲ ಕೊಡುತ್ತೇವೆ ಅನ್ನುವ ಆ್ಯಪ್‌ಗಳ ಬಗ್ಗೆ ಮಾತ್ರ ಬಿಗಿಯಾಗಿರಿ. ಗ್ರಾಹಕರ ಗುರುತು ಪರಿಶೀಲನೆಗೆ ಒಂದು ಸಲ ಲೊಕೇಶನ್ ಕೇಳಬಹುದು, ಅದೂ ಒಪ್ಪಿಗೆ ಪಡೆದು ಎನ್ನುವುದು ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮ. ದಿನವಿಡೀ ಲೊಕೇಶನ್, ಕಾಂಟ್ಯಾಕ್ಟ್ಸ್, ಫೋಟೊ ಕೇಳುವ ಸಾಲದ ಆ್ಯಪ್ ಇದ್ದರೆ ಸಾಲವೂ ಬೇಡ, ಆ್ಯಪೂ ಬೇಡ. ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ಲೊಕೇಶನ್ ಪೂರ್ತಿ ಬಂದ್ ಇಟ್ಟರೂ ಗೂಗಲ್‌ನಲ್ಲಿ ಹುಡುಕಿದರೆ ಬೀದರದ ಅಂಗಡಿಗಳೇ ಬರುತ್ತವೆ. ಒಮ್ಮೊಮ್ಮೆ ಹೈದರಾಬಾದಿನವೂ ಬರುತ್ತವೆ. ಹೇಗೆ?
– ಬೀದರ

ಉತ್ತರ: ಇಂಟರ್ನೆಟ್ ಸಂಪರ್ಕಕ್ಕೊಂದು ಐಪಿ ವಿಳಾಸ ಇರುತ್ತದೆ, ಅದರಿಂದ ಊರಿನ ಅಂದಾಜು ಸಿಗುತ್ತದೆ. ಕಂಪನಿಯ ಸಂಪರ್ಕ ಯಾವ ನಗರದ ಮೂಲಕ ಹಾದುಹೋಗುತ್ತದೋ ಆ ನಗರ ತೋರಿಸುವುದರಿಂದ ಹೈದರಾಬಾದ್ ಬಂದಿರಬಹುದು. ನಿಮ್ಮ ಹಿಂದಿನ ಹುಡುಕಾಟವೂ ಸುಳಿವು ಕೊಡುತ್ತದೆ. ಹೋದ ಜಾಗಗಳ ದಾಖಲೆಯಾದ ಲೊಕೇಶನ್ ಹಿಸ್ಟರಿ (ಈಗ ಅದರ ಹೆಸರು ‘ಟೈಮ್‌ಲೈನ್’) ನಿಲ್ಲಿಸಿದರೂ, ಹುಡುಕಾಟ ಮತ್ತು ಆ್ಯಪ್ ಬಳಕೆಯ ದಾಖಲೆಯಾದ ‘ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ’ಯಲ್ಲಿ ಗೂಗಲ್ ಜಾಗ ದಾಖಲಿಸುತ್ತಿತ್ತು ಎಂದು 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಬಯಲು ಮಾಡಿತು. ಆ ಪ್ರಕರಣ 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಟ್ಟು ಇತ್ಯರ್ಥವಾಯಿತು. ನಿಮ್ಮ ಖಾತೆಯ ‘ಡೇಟಾ ಅಂಡ್ ಪ್ರೈವಸಿ’ಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ನಿಲ್ಲಿಸಬೇಕು. 3 ತಿಂಗಳಿಗೊಮ್ಮೆ ತಾನೇ ಅಳಿಸುವ ಆಯ್ಕೆಯೂ ಇದೆ. ಸುತ್ತಲಿನ ಸಂಕೇತಗಳಿಂದ ಜಾಗ ಅಂದಾಜಿಸಲು ನೆರವಾಗುವ, ಲೊಕೇಶನ್ ಸೆಟ್ಟಿಂಗ್ಸ್‌ನಲ್ಲಿರುವ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಕೂಡ ಆಫ್ ಮಾಡಿ.

ಸಿಮ್ ಕಂಪನಿಗೆ ನೀವು ಯಾವ ಟವರಿನ ಹತ್ತಿರ ಇದ್ದೀರಿ ಎನ್ನುವುದು ಮಾತ್ರ ತಿಳಿದೇ ತಿಳಿಯುತ್ತದೆ. ಅದಿಲ್ಲದೆ ಕರೆ ಬರುವುದಿಲ್ಲ.

ಪ್ರಶ್ನೆ: ಶಹಾಪುರದಲ್ಲಿ ಹಳೆಯ ಮನೆ ಮಾರಲು ಫೋಟೊ ಹಾಕುತ್ತಿದ್ದೇನೆ. ಫೋಟೊದಲ್ಲಿ ಮನೆಯ ಜಾಗ ಸೇರಿರುತ್ತದೆ ಅನ್ನುತ್ತಾರೆ, ನಿಜವೇ?
– ಯಾದಗಿರಿ ಜಿಲ್ಲೆ

ಉತ್ತರ: ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್ ಟ್ಯಾಗ್ಸ್’ ಆನ್ ಇದ್ದರೆ ಅಕ್ಷಾಂಶ, ರೇಖಾಂಶ ಫೋಟೊದೊಳಗೇ ಸೇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಉದುರಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಮನೆಯ ಫೋಟೊ ತೆಗೆಯುವ ಮುಂಚೆ ಆ ಟ್ಯಾಗ್ ಆಫ್ ಮಾಡಿ. ಈಗಾಗಲೇ ತೆಗೆದಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕಿ. ಮನೆ ಖಾಲಿ ಬಿದ್ದಿದ್ದರೆ ಬಾಗಿಲ ಬೀಗ, ಮನೆ ನಂಬರಿನ ಫಲಕ ಚಿತ್ರದಲ್ಲಿ ಕಾಣದಂತೆ ನೋಡಿಕೊಳ್ಳಿ. ವಿಳಾಸವನ್ನು ಫೋನಿನಲ್ಲಿ ಮಾತಾಡಿ ಬರುವವರು ಯಾರೆಂದು ಖಾತ್ರಿಯಾದ ಮೇಲೆ ಹೇಳಿದರಾಯಿತು.