ಕಾಂಟ್ ಮುಂದೆ ಸಾಗದಿದ್ದರೆ
ಜರ್ಮನ್ ತತ್ವಜ್ಞಾನಿ ಕಾಂಟ್‌ನ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಓದು ಆರಂಭದಲ್ಲೇ ನಿಂತುಹೋಗಿದೆ ಅಂದಿರಲ್ಲ, ಬಹುಶಃ ಅವನಿಗಿಂತ ಮುಂಚಿನ ಸ್ಕಾಟಿಷ್ ತತ್ವಜ್ಞಾನಿ ಹ್ಯೂಮ್‌ನನ್ನು ಓದದೆ ನೇರ ಅಲ್ಲಿಗೆ ಹೋಗಿದ್ದೀರಿ. ಕಾರ್ಯಕಾರಣದ ಬಗ್ಗೆ ಹ್ಯೂಮ್ ಎತ್ತಿದ ಪ್ರಶ್ನೆ ಗೊತ್ತಿಲ್ಲದೆ ಕಾಂಟ್ ಕೊಡುವ ಉತ್ತರ ತಲೆಗೆ ಹತ್ತುವುದಿಲ್ಲ.

ಮೊದಲು ಹ್ಯೂಮ್‌ನ 1748ರ 'ಎನ್‌ಕ್ವೈರಿ'ಯಲ್ಲಿ 4 ಮತ್ತು 5ನೇ ಭಾಗ ಓದಿ. ಬಿಲಿಯರ್ಡ್ಸ್ ಚೆಂಡೊಂದು ಇನ್ನೊಂದಕ್ಕೆ ಬಡಿಯುತ್ತದೆ, ಅದು ಉರುಳುತ್ತದೆ. ಕಣ್ಣಿಗೆ ಬಿದ್ದದ್ದು ಒಂದಾದ ಮೇಲೊಂದು ನಡೆದದ್ದು ಮಾತ್ರ; 'ಉರುಳಲೇಬೇಕು' ಎಂಬುದು ಎಲ್ಲೂ ಕಾಣಲಿಲ್ಲ. ಅದು ಬರೀ ಅಭ್ಯಾಸಬಲ ಅನ್ನುತ್ತಾನೆ ಹ್ಯೂಮ್. ಇಲ್ಲಿ ನಿಜಕ್ಕೂ ಕಸಿವಿಸಿ ಆಗುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ಕಾಂಟ್‌ನದೇ 1783ರ 'ಪ್ರೊಲೆಗೊಮೆನಾ', ಚಿಕ್ಕದು. ಕಾರ್ಯಕಾರಣ ಸಂಬಂಧ ಅನುಭವದಿಂದ ಬಂದದ್ದಲ್ಲ, ಅನುಭವ ಸಾಧ್ಯವಾಗಲು ಬುದ್ಧಿಯೇ ಒದಗಿಸುವ ಚೌಕಟ್ಟು: ಇಷ್ಟು ಹಿಡಿದುಕೊಂಡು ದೊಡ್ಡ ಪುಸ್ತಕಕ್ಕೆ ಮರಳಿ. 'ತನ್ನಷ್ಟಕ್ಕೆ ತಾನಿರುವ ವಸ್ತು' (ನಮ್ಮ ಅನುಭವಕ್ಕೆ ಹೊರತಾಗಿ ವಸ್ತು ಇರುವ ಬಗೆ) ಎಂದರೆ ನಿಖರವಾಗಿ ಏನು ಎಂಬಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಅಲ್ಲಿ ಸಿಕ್ಕಿಕೊಂಡರೆ ಸದ್ಯಕ್ಕೆ ದಾಟಿ ಹೋಗಿ.