ಪುಕ್ಕಟೆ ಆಟಕ್ಕೆ ಇಷ್ಟೊಂದು ಗಲಾಟೆ ಯಾಕೆ?

ಆನ್‌ಲೈನ್ ಗೇಮ್ ಆಡುವವರು ಯಾವಾಗ ನೋಡಿದರೂ ಕಂಪನಿಯನ್ನು ಬೈಯುತ್ತಲೇ ಇರುತ್ತಾರೆ, ಪುಕ್ಕಟೆ ಆಟಕ್ಕೆ ಇಷ್ಟೊಂದು ರಂಪ ಯಾಕೆ, ಬೈದರೆ ಏನಾದರೂ ಬದಲಾಗುತ್ತದಾ ಎಂದು ಕೇಳಿದ್ದೀರಿ. ಬದಲಾಗುತ್ತದೆ. ಆದರೆ ತುಂಬಾ ತಡವಾಗಿ. ಹತ್ತು ಆಟಗಳ ಹೆಸರು ಹೇಳುವ ಬದಲು ನನಗೆ ತುಂಬಾ ಇಷ್ಟವಾದ ಒಂದೇ ಆಟದ ವಿಷಯ ಹೇಳುತ್ತೇನೆ: ಟೀಮ್ ಫೋರ್ಟ್ರೆಸ್ 2. ಎರಡು ತಂಡಗಳು ಆನ್‌ಲೈನ್‌ನಲ್ಲಿ ಎದುರುಬದುರಾಗಿ ಗುಂಡು ಹಾರಿಸಿ ಆಡುವ ಆಟ.

ವಾಲ್ವ್ ಕಂಪನಿ ಇದನ್ನು 2007ರಲ್ಲಿ ಹೊರತಂದಿತು. ಆಗ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2011ರ ಜೂನ್‌ನಲ್ಲಿ ಫ್ರೀ ಮಾಡಿದರು. ಫ್ರೀ ಅಂದರೆ ಒಳಗೆ ಬರೋದಕ್ಕೆ ಮಾತ್ರ. ಒಳಗೆ ಪಾತ್ರಗಳಿಗೆ ತೊಡಿಸುವ ಟೋಪಿ ಮಾರುತ್ತಾರೆ, ಪೆಟ್ಟಿಗೆ ತೆರೆಯುವ ಕೀ ಮಾರುತ್ತಾರೆ. ಒಂದು ಕೀಗೆ 2.49 ಡಾಲರ್. ಪೆಟ್ಟಿಗೆಯಲ್ಲಿ ಏನು ಸಿಗುತ್ತದೆ ಅಂತ ತೆರೆದ ಮೇಲೇ ಗೊತ್ತಾಗೋದು. ಹಾಗಾಗಿ 'ಪುಕ್ಕಟೆ ಸಿಕ್ಕಿದ್ದಕ್ಕೆ ಸುಮ್ಮನಿರಿ' ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

2020ರ ಹೊತ್ತಿಗೆ ಈ ಆಟಕ್ಕೆ ಬಾಟ್‌ಗಳು ನುಗ್ಗಿದವು. ಬಾಟ್ ಅಂದರೆ ಮನುಷ್ಯರಿಲ್ಲದೆ ತಾನೇ ಆಡುವ ಪ್ರೋಗ್ರಾಂ. ಇವೆಲ್ಲ ಸ್ನೈಪರ್, ಅಂದರೆ ದೂರದಿಂದ ಗುರಿಯಿಟ್ಟು ಹೊಡೆಯುವವನ ಪಾತ್ರ ಹಿಡಿದು ನಿಲ್ಲುತ್ತಿದ್ದವು. ನೀವು ಬಾಗಿಲು ದಾಟಿ ಹೊರಗೆ ಕಾಲಿಟ್ಟ ಕ್ಷಣಕ್ಕೇ ತಲೆಗೆ ಗುಂಡು. ಜತೆಗೆ ವಾಯ್ಸ್ ಚಾಟ್‌ನಲ್ಲಿ ಕಿವಿ ತೂತಾಗುವಂಥ ಕಿರುಚಾಟ.

ಆಟದಿಂದ ಹೊರಗೆ ಹಾಕಲು ವೋಟ್ ಕಿಕ್ ಎಂಬ ವ್ಯವಸ್ಥೆ ಇತ್ತಲ್ವಾ ಎನ್ನಬಹುದು. ಇತ್ತು. ಎಫ್1 ಒತ್ತಿದರೆ ಹೌದು, ಎಫ್2 ಒತ್ತಿದರೆ ಬೇಡ. ಆದರೆ ಒಂದು ತಂಡಕ್ಕೆ 12 ಜನ. ಅದರಲ್ಲಿ ಏಳೆಂಟು ಬಾಟ್‌ಗಳೇ ಇದ್ದರೆ ಬಹುಮತ ಅವುಗಳದ್ದೇ! ನಿಜವಾದ ಆಟಗಾರನ ಮೇಲೆ ಅವೇ ವೋಟ್ ಹಾಕಿ ಅವನನ್ನೇ ಹೊರಗೆ ಕಳಿಸುತ್ತಿದ್ದವು. ಸಾಲದು ಅಂತ ಪಕ್ಕದ ಆಟಗಾರನ ಹೆಸರನ್ನೇ ತಮಗೂ ಇಟ್ಟುಕೊಳ್ಳುತ್ತಿದ್ದವು. ಬಾಟ್ ಯಾವುದು, ಮನುಷ್ಯ ಯಾರು ಅಂತ ತಿಳಿಯದೆ ಜನ ತಮ್ಮವರಿಗೇ ವೋಟ್ ಹಾಕಿಬಿಡುತ್ತಿದ್ದರು.

ಇದಕ್ಕೆ 2020ರ ಜೂನ್‌ನಲ್ಲಿ ಬಂದ ಪರಿಹಾರ ನೋಡಿ. ಹೊಸ ಫ್ರೀ ಖಾತೆಗಳಿಗೆ ಚಾಟ್ ಬಂದ್. ಬಾಟ್‌ಗಳ ಬಾಯಿ ಮುಚ್ಚಿಸಲು ಹೋಗಿ, ಅದೇ ತಾನೇ ಆಟಕ್ಕೆ ಬಂದ ಹುಡುಗರ ಬಾಯಿಯನ್ನೂ ಮುಚ್ಚಿಸಿದರು. ಬಾಟ್‌ಗೆ ಗುಂಡು ಹೊಡೆಯಲು ಮಾತು ಬೇಕಾಗಿಲ್ಲವಲ್ಲ!

ನನ್ನ ಪ್ರಕಾರ ಇದರ ಬೇರು ಇನ್ನೂ ಹಿಂದಿದೆ. ಮೊದಲು ಆಟಗಾರರೇ ನಡೆಸುವ ಸರ್ವರ್‌ಗಳು, ಅಂದರೆ ಆಟ ನಡೆಯುವ ಕಂಪ್ಯೂಟರ್‌ಗಳು, ತುಂಬಿರುತ್ತಿದ್ದವು. ಅಲ್ಲಿ ಸಾಮಾನ್ಯವಾಗಿ ನೋಡಿಕೊಳ್ಳಲು ಒಬ್ಬ ಅಡ್ಮಿನ್ ಇರುತ್ತಿದ್ದ. ಯಾರಾದರೂ ಕಿರಿಕ್ ಮಾಡಿದರೆ ನಿಂತ ಕಾಲಲ್ಲೇ ಹೊರಗೆ. 2016ರ ಜುಲೈನಲ್ಲಿ ಬಂದ ದೊಡ್ಡ ಅಪ್‌ಡೇಟ್ ಕ್ಯಾಶುಯಲ್ ಮೋಡ್ ತಂದಿತು; ಇದರಲ್ಲಿ ಆಟಗಾರರನ್ನು ಕಂಪನಿಯೇ ಜೋಡಿಸಿ ಆಡಿಸುತ್ತದೆ. ಅಲ್ಲಿಂದ ಹೊಸಬರೆಲ್ಲ ಸೀದಾ ಕಂಪನಿಯ ಸರ್ವರ್‌ಗೇ ಹೋಗತೊಡಗಿದರು. ಅಲ್ಲಿ ಕೂತು ನೋಡಿಕೊಳ್ಳುವ ಅಡ್ಮಿನ್ ಯಾರೂ ಇಲ್ಲ. ಕಾವಲಿದ್ದವರನ್ನು ಬದಿಗೆ ಸರಿಸಿದ ಮೇಲೆ ಆ ಕೆಲಸವನ್ನು ಕಂಪನಿಯೇ ಮಾಡಬೇಕಿತ್ತು. ಮಾಡಲಿಲ್ಲ. ಬಾಟ್‌ಗಳ ಕಾಟದ ಕಾಲದಲ್ಲೂ ಆಟಗಾರರ ಸ್ವಂತ ಸರ್ವರ್‌ಗಳಲ್ಲಿ ನೆಮ್ಮದಿಯಿಂದ ಆಡಬಹುದಿತ್ತು ಅನ್ನೋದೇ ಇದಕ್ಕೆ ಸಾಕ್ಷಿ.

2022ರ ಮೇ 26ರಂದು ಆಟಗಾರರೆಲ್ಲ ಸೇರಿ ಟ್ವಿಟರ್‌ನಲ್ಲಿ ದನಿ ಎತ್ತಿದರು. ಯಾರನ್ನೂ ಬೈಯಬೇಡಿ, ಸಮಸ್ಯೆ ಮಾತ್ರ ಹೇಳಿ ಅಂತ ಮೊದಲೇ ಮಾತಾಗಿತ್ತು. ಅದು ನನಗೆ ತುಂಬಾ ಹಿಡಿಸಿತು. ಒಬ್ಬ ಪ್ರೋಗ್ರಾಮರ್‌ನ ಹೆಸರು ಹಿಡಿದು ಅವನ ಮನೆಯವರ ತನಕ ಬೈಯುವುದು ಟೀಕೆಯೇ ಅಲ್ಲ. ಅದೇ ದಿನ ವಾಲ್ವ್‌ನಿಂದ ಉತ್ತರವೂ ಬಂತು: ನಿಮ್ಮ ಮಾತು ಕೇಳಿಸುತ್ತಿದೆ, ಕೆಲಸ ಮಾಡುತ್ತಿದ್ದೇವೆ ಅಂತ. ಕೆಲವು ಅಪ್‌ಡೇಟ್ ಬಂದವು, ವೋಟ್ ಕಿಕ್ ಸ್ವಲ್ಪ ಸುಧಾರಿಸಿತು. ಆಮೇಲೆ ಬಾಟ್‌ಗಳು ಮತ್ತೆ ಹಾಜರ್.

2024ರ ಜೂನ್‌ನಲ್ಲಿ ಎರಡನೇ ಸುತ್ತು. ಆಟ ಸರಿಮಾಡಿ ಎಂಬ ಆನ್‌ಲೈನ್ ಮನವಿಗೆ 3 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಈ ಸಲ ಜನ ವಾಲ್ವ್‌ನದೇ ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಟದ ಪುಟಕ್ಕೇ ಹೋಗಿ ಕೆಟ್ಟ ವಿಮರ್ಶೆ ಬರೆದರು. ಹೊಸ ವಿಮರ್ಶೆಗಳ ರೇಟಿಂಗ್ ಪಾತಾಳಕ್ಕಿಳಿಯಿತು. ಅದೇ ತಿಂಗಳ ಕೊನೆಗೆ ಬಾಟ್ ಖಾತೆಗಳು ರಾಶಿ ರಾಶಿಯಾಗಿ ಬ್ಯಾನ್ ಆದವು. ಕ್ಯಾಶುಯಲ್ ಮೋಡ್ ಮತ್ತೆ ಆಡುವ ಹಾಗಾಯಿತು.

ಖುಷಿಯ ಸುದ್ದಿಯೇ. ಆದರೆ ನನಗೆ ಸಿಟ್ಟು ಬರುವುದೂ ಇಲ್ಲೇ. ಅಂಗಡಿಯ ಪುಟದಲ್ಲಿ ಮಾನ ಹೋದ ತಿಂಗಳಲ್ಲೇ ಆಗುವ ಕೆಲಸಕ್ಕೆ ನಾಲ್ಕು ವರ್ಷ ಯಾಕೆ ಬೇಕಿತ್ತು? ಇಂಥ ಆಟದಲ್ಲಿ ಮ್ಯಾಪು, ಬಂದೂಕು ಅರ್ಧ ಆಟ ಅಷ್ಟೇ. ಇನ್ನರ್ಧ ಅಂದರೆ ಎದುರಿಗೆ ಆಡುವ ಜನ. ಆ ಜನರನ್ನು ಕಾಯುವುದನ್ನು ಕಂಪನಿಗಳು ಖರ್ಚು ಅಂತ ನೋಡುತ್ತವೆ. ನನ್ನ ಪ್ರಕಾರ ಅವರು ಮಾರುತ್ತಿರುವುದೇ ಅದನ್ನು.

ನಮ್ಮ ಭಾಷೆಗೂ ಇದು ತಟ್ಟುತ್ತದೆ. ನಾನು ಮೊಬೈಲ್‌ನಲ್ಲಿ ಆಡುವ ಇನ್ನೊಂದು ಆಟದ ಚಾಟ್‌ನಲ್ಲಿ ಇಂಗ್ಲಿಷ್ ಬೈಗುಳ ಬರೆದರೆ ತಕ್ಷಣ ನಕ್ಷತ್ರ ಚಿಹ್ನೆ ಬೀಳುತ್ತದೆ. ಅದನ್ನೇ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರ ಬಳಸಿ, ಅಮ್ಮ ಅಕ್ಕ ಸೇರಿಸಿ ಬರೆದರೆ ಆರಾಮಾಗಿ ದಾಟಿ ಹೋಗುತ್ತದೆ. ರಿಪೋರ್ಟ್ ಮಾಡಿದರೆ 'ನಿಯಮ ಮೀರಿಲ್ಲ' ಎಂಬ ಸಿದ್ಧ ಉತ್ತರ. ಕನ್ನಡ ಓದಬಲ್ಲ ಒಬ್ಬರನ್ನು ಕೂರಿಸಿ ಅಂತ ನಾನು ಬರೆಯುತ್ತಲೇ ಇದ್ದೇನೆ. ನಿಮಗೂ ಅಂಥದ್ದು ಕಂಡರೆ ಸ್ಕ್ರೀನ್‌ಶಾಟ್ ಹಾಕಿ, ಆ ಮಾತಿನ ಅರ್ಥ ಬರೆದು, ರೇಟಿಂಗ್ ಕೊಡುವ ಜಾಗದಲ್ಲೇ ಹಾಕಿ. ಅವರು ಓದುವುದು ಅದನ್ನೇ.